ಬಲಪಂಥವೆಂಬ ಒಂದೇ ಹಣೆಪಟ್ಟಿ

ತಿಕೋಟಾ ಸಮೀಪದ ಒಣದ್ರಾಕ್ಷಿ ಶೆಡ್ಡೊಂದರಲ್ಲಿ ಈಚೆಗೆ ಬೆಳೆಗಾರ ಮಿತ್ರರೊಬ್ಬರು ಚಹಾ ಕೊಡುತ್ತ, ‘ಸಾಹೇಬ್ರ, ಟ್ರಂಪ್ ಮಾಡಿದ್ದು ಖರೇ ಐತ್ರಿ. ಹೊರಗಿನ ಮಾಲಿಗೆ ಸುಂಕ ಹಾಕಬೇಕ್ರಿ. ನಮ್ಮವ್ರೂ ಹಾಕ್ಲಿ’ ಎಂದರು. ವಿದೇಶಿ ಒಣದ್ರಾಕ್ಷಿ ಅಗ್ಗದ ದರದಲ್ಲಿ ಬರುವುದರ ಬಿಸಿ ಅವರಿಗೆ ತಟ್ಟಿದೆ. ಹೆಚ್ಚುವರಿ ಮಾಲನ್ನು ಸರ್ಕಾರವೇ ಕೊಂಡು ಶಾಲಾ ಮಕ್ಕಳ ಬಿಸಿಯೂಟಕ್ಕೆ ಒದಗಿಸಬೇಕೆಂಬುದು ಅವರ ಇನ್ನೊಂದು ಬೇಡಿಕೆ. ತಮ್ಮನ್ನು ‘ಪಕ್ಕಾ ಬಲಪಂಥೀಯ’ನೆಂದು ಕರೆದುಕೊಳ್ಳುವ ಇವರು ಅಮೆರಿಕದಲ್ಲಿದ್ದಿದ್ದರೆ ಯಾವ ಬಲಪಂಥಕ್ಕೆ ಸೇರುತ್ತಿದ್ದರು ಎಂಬ ಪ್ರಶ್ನೆ ವಿಜಯಪುರಕ್ಕೆ ಮರಳುವ ದಾರಿಯುದ್ದಕ್ಕೂ ನನ್ನನ್ನು ಕಾಡಿತು.

ಏಕೆಂದರೆ ಅಲ್ಲಿನ ಬಲಪಂಥೀಯರು ಕೊಂಡಾಡಿದ ಮೊಕದ್ದಮೆಯೊಂದು ಒಣದ್ರಾಕ್ಷಿಯದೇ. ಬೆಲೆ ಕುಸಿಯದಿರಲೆಂದು ಬೆಳೆಯ ಒಂದು ಪಾಲನ್ನು ಮೀಸಲು ದಾಸ್ತಾನಿಗೆ ಒಪ್ಪಿಸಬೇಕೆಂಬ ನಿಯಮ ಕ್ಯಾಲಿಫೋರ್ನಿಯಾದಲ್ಲಿ 1949ರಿಂದ ಇತ್ತು. 2002–03ರ ಹಂಗಾಮಿನಲ್ಲಿ ಆ ಪಾಲು ಶೇ 47ರಷ್ಟಿತ್ತು. ಮಾರ್ವಿನ್ ಹಾರ್ನ್ ಎಂಬ ಬೆಳೆಗಾರರು ಕೊಡುವುದಿಲ್ಲವೆಂದು ಹಟ ಹಿಡಿದರು. ನ್ಯಾಯಯುತ ಪರಿಹಾರವಿಲ್ಲದೆ ಹೀಗೆ ಬೆಳೆಯನ್ನು ವಶಪಡಿಸಿಕೊಳ್ಳುವುದು ಸಂವಿಧಾನಬಾಹಿರವೆಂದು 2015ರ ಜೂನ್‌ನಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ತೀರ್ಪಿತ್ತಿತು. ಸರ್ಕಾರ ತನ್ನ ದ್ರಾಕ್ಷಿಯನ್ನು ಮುಟ್ಟಕೂಡದೆಂದವನೂ ಸರ್ಕಾರವೇ ಕೊಳ್ಳಬೇಕೆನ್ನುವವನೂ ನಮ್ಮ ಚರ್ಚೆಗಳಲ್ಲಿ ಒಂದೇ ಪಂಥದವರು!

ಹಾರ್ನ್ ಅವರ ಬೆನ್ನಿಗೆ ನಿಂತದ್ದು ಆಸ್ತಿಯ ಹಕ್ಕು ಮತ್ತು ಮುಕ್ತ ಮಾರುಕಟ್ಟೆಯನ್ನು ನಂಬಿದ ಪರಂಪರೆ. 1964ರಲ್ಲಿ ಅಧ್ಯಕ್ಷ ಚುನಾವಣೆಗೆ ನಿಂತು ಸೋತ ಬ್ಯಾರಿ ಗೋಲ್ಡ್‌ವಾಟರ್ ಅದರ ನಾಯಕ. (ಸರ್ಕಾರದ ಕೈ ಕುಗ್ಗಬೇಕೆಂದು ಸಾರಿದ ಆತನೇ ತನ್ನ ಬರಡು ಅರಿಝೋನಾಕ್ಕೆ ಕೊಲರಾಡೊ ನದಿಯ ನೀರು ತರುವ ಕೇಂದ್ರದ ಯೋಜನೆಯನ್ನು ಬೆಂಬಲಿಸಿದ. ತುಬಚಿ–ಬಬಲೇಶ್ವರ ಏತ ನೀರಾವರಿಯಿಂದ ಕೃಷ್ಣೆಯ ನೀರು ಕಂಡ ನಮಗೆ ಇದು ಅರ್ಥವಾಗದ ವಿರೋಧಾಭಾಸವೇನಲ್ಲ.) ಧರ್ಮ, ಕುಟುಂಬಗಳ ರಕ್ಷಣೆಯೇ ರಾಜಕಾರಣವೆಂದ ಪಾದ್ರಿ ಜೆರ್ರಿ ಫಾಲ್ವೆಲ್ 1979ರಲ್ಲಿ ‘ಮಾರಲ್ ಮೆಜಾರಿಟಿ’ ಕಟ್ಟಿದ್ದು ಬೇರೆಯೇ ಧಾರೆ. 2003ರ ಇರಾಕ್ ಯುದ್ಧಕ್ಕೆ ಸಿದ್ಧಾಂತ ಒದಗಿಸಿದವರದು ಮತ್ತೊಂದು. ರೇಗನ್ 1980ರಲ್ಲಿ ಆಗಿನ ಬಣಗಳನ್ನೆಲ್ಲ ಒಂದೇ ಚಪ್ಪರದಡಿ ಕೂಡಿಸಿದರು. ಅವರನ್ನು ಬೆಸೆದದ್ದು ಕಮ್ಯುನಿಸ್ಟ್ ಭಯ. ಸೋವಿಯತ್ ಒಕ್ಕೂಟ ಒಡೆದ ಮೇಲೆ ಆ ಬೆಸುಗೆ ಬಿಟ್ಟಿತು. ಸ್ವದೇಶಿ ಸುಂಕ, ವಲಸೆಗೆ ತಡೆ ಎಂಬ ಪ್ಯಾಟ್ ಬ್ಯುಕ್ಯಾನನ್ ಅವರ 1992ರ ಕೂಗೇ 2016ರಲ್ಲಿ ಟ್ರಂಪ್ ಬಾಯಲ್ಲಿ ಗೆದ್ದಿತು. 2025ರ ಆಗಸ್ಟ್‌ನಲ್ಲಿ ಭಾರತದ ಸರಕುಗಳ ಮೇಲಿನ ಸುಂಕ ಶೇ 50ಕ್ಕೇರಿದಾಗ ಗೋಲ್ಡ್‌ವಾಟರ್ ಪರಂಪರೆಯವರು ಅಲ್ಲಿ ಅಲ್ಪಸಂಖ್ಯಾತರಾಗಿದ್ದರು.

ಆ ಮೊದಲ ಬಗೆಯವರು ನಮ್ಮಲ್ಲಿ ಇರಲೇ ಇಲ್ಲವೆನ್ನುವಂತಿಲ್ಲ. ಸಹಕಾರಿ ಬೇಸಾಯದ ಪರವಾದ ಕಾಂಗ್ರೆಸ್ಸಿನ ನಾಗಪುರ ನಿರ್ಣಯವನ್ನು ವಿರೋಧಿಸಿ ರಾಜಾಜಿಯವರು 1959ರಲ್ಲಿ ಸ್ವತಂತ್ರ ಪಕ್ಷ ಕಟ್ಟಿದರು. 1967ರಲ್ಲಿ ಅದು ಲೋಕಸಭೆಯ 44 ಸ್ಥಾನ ಗೆದ್ದಿತು. ಉಡುಪಿಯಿಂದ ನಿವೃತ್ತ ಐಸಿಎಸ್ ಅಧಿಕಾರಿ ಜೆ.ಎಂ. ಲೋಬೊ ಪ್ರಭು ಆಯ್ಕೆಯಾದರೆ, ನಮ್ಮ ವಿಜಾಪುರ ಕಳಿಸಿದ್ದು ಅದೇ ಪಕ್ಷದ ಜಿ.ಡಿ. ಪಾಟೀಲರನ್ನು. ದೊಡ್ಡ ಭೂಮಾಲೀಕರ ಪಕ್ಷವೆಂಬ ಟೀಕೆ ಸುಳ್ಳಲ್ಲ. ಸೇವೆಯಲ್ಲಿದ್ದಾಗ ಭೂನ್ಯಾಯ ಮಂಡಳಿಯ ಹಳೆಯ ಕಡತಗಳನ್ನು ತಿರುವಿದ ನನಗೆ ಉಳುವವನಿಗೆ ಭೂಮಿ ಕೊಟ್ಟ 1974ರ ಸುಧಾರಣೆ ಬೇಕಿತ್ತೆಂಬುದರಲ್ಲಿ ಸಂದೇಹವಿಲ್ಲ. ಆದರೆ ಅದೇ ವರ್ಷ ಸ್ವತಂತ್ರ ಪಕ್ಷ ಭಾರತೀಯ ಲೋಕದಳದಲ್ಲಿ ಕರಗಿದಾಗ, ಜಾತಿ, ಧರ್ಮ ಕೇಳದೆ ಪ್ರಜೆಯ ಆಸ್ತಿಯ ಪರವಾಗಿ ಸರ್ಕಾರವನ್ನು ಪ್ರಶ್ನಿಸುವ ದನಿಯೂ ಕರಗಿತು.

ಅದರ ಕೊರತೆ ನನಗೆ ತೀವ್ರವಾಗಿ ಕಂಡದ್ದು 2024ರ ಅಕ್ಟೋಬರ್‌ನಲ್ಲಿ, ತಿಕೋಟಾ ತಾಲ್ಲೂಕಿನ ಹೊನವಾಡದ ವಿಷಯದಲ್ಲಿ. ತಮ್ಮ ಸುಮಾರು 1,200 ಎಕರೆ ವಕ್ಫ್ ಆಸ್ತಿಯಾಗುತ್ತಿದೆಯೆಂದು ರೈತರು ಆತಂಕಪಟ್ಟರು. ವಕ್ಫ್ ಆಸ್ತಿ 11 ಎಕರೆ ಮಾತ್ರ, ಉಳಿದದ್ದು 1974ರ ಗೆಜೆಟ್‌ನಲ್ಲಾದ ತಪ್ಪೆಂದು ಬಬಲೇಶ್ವರದ ಶಾಸಕರೂ ಜಿಲ್ಲಾ ಉಸ್ತುವಾರಿ ಸಚಿವರೂ ಆದ ಎಂ.ಬಿ. ಪಾಟೀಲರು ಸ್ಪಷ್ಟಪಡಿಸಿದರು. ಆಗ ಬಿಜೆಪಿಯಲ್ಲಿದ್ದ ನಗರದ ಶಾಸಕ ಬಸನಗೌಡ ಪಾಟೀಲ ಯತ್ನಾಳರು ಧರಣಿ ಹೂಡಿದರು. ಕೊನೆಗೆ ನೋಟಿಸುಗಳನ್ನು ಹಿಂಪಡೆಯಲು ಮುಖ್ಯಮಂತ್ರಿಗಳು ಆದೇಶಿಸಿದರು.

ಕಂದಾಯ ಕಾನೂನು ಬಲ್ಲವರಿಗೆ ಇಲ್ಲಿನ ಮೂಲ ಪ್ರಶ್ನೆ ಸರಳ. ಹಕ್ಕುದಾರನಿಗೆ ತಿಳಿಸದೆ, ಅವನ ಅಹವಾಲು ಕೇಳದೆ ಪಹಣಿಯಲ್ಲಿ ಯಾರ ಹೆಸರನ್ನಾದರೂ ಸೇರಿಸಬಹುದೆ? ಸೇರಿಸಿದ ಅಧಿಕಾರಿ ಉತ್ತರದಾಯಿಯಲ್ಲವೆ? ಹಾರ್ನ್ ಕೇಳಿದ್ದೂ ಈ ಜಾತಿಯ ಪ್ರಶ್ನೆಯನ್ನೇ. ಸ್ವತಂತ್ರ ಪಕ್ಷದವರಿದ್ದಿದ್ದರೆ ಅದನ್ನೇ ಹಿಡಿದು ಜಗ್ಗುತ್ತಿದ್ದರು. ಜೊತೆಗೆ, ದಾನಿಯೊಬ್ಬ ಕ್ರಮಬದ್ಧವಾಗಿ ವಕ್ಫ್‌ಗೆ ಬಿಟ್ಟುಕೊಟ್ಟ ನೆಲವೂ ಅಷ್ಟೇ ಪವಿತ್ರವಾದ ಆಸ್ತಿಯೆಂದು ಒಪ್ಪಬೇಕಾಗುತ್ತಿತ್ತು. ಆದರೆ ವಾರ ಕಳೆಯುವಷ್ಟರಲ್ಲಿ ವಿಷಯ ಮಸೀದಿ–ಮಂದಿರಗಳತ್ತ ಹೊರಳಿತು. ಒಂದು ಕಡೆಯವರಿಗೆ ರೈತ ಹಿಂದೂ ಎಂಬುದು ಮುಖ್ಯವಾಯಿತು, ಇನ್ನೊಂದು ಕಡೆಯವರಿಗೆ ಇದೆಲ್ಲ ಬಲಪಂಥದ ಹುನ್ನಾರ ಎಂಬುದು. ದಾಖಲೆ ತಿದ್ದುವ ಕ್ರಮದಲ್ಲಿನ ಲೋಪಕ್ಕೆ ವಾರಸುದಾರರೇ ಉಳಿಯಲಿಲ್ಲ.

ಅಂದು ಚಹಾ ಮುಗಿದ ಮೇಲೆ ನನ್ನ ಮಿತ್ರರು ತಮ್ಮ ಹೊಲದ ಪಹಣಿಯನ್ನು ತಂದು ಮುಂದಿಟ್ಟರು. 11ನೇ ಕಲಂನಲ್ಲಿ ಬ್ಯಾಂಕ್ ಸಾಲದ ನಮೂದು ಬಿಟ್ಟರೆ ಬೇರೇನೂ ಇರಲಿಲ್ಲ. ‘ಈಗ ತಿಂಗಳಿಗೊಮ್ಮಿ ತೆಗಸಿ ನೋಡ್ತೀನ್ರಿ’ ಎಂದರು.