ಹ್ಯಾಮಿಲ್ಟನ್ ಬೆಟ್ಟದ ಶನಿವಾರಗಳು

ಸ್ಯಾನ್ ಹೋಸೆಯಿಂದ ಹ್ಯಾಮಿಲ್ಟನ್ ಬೆಟ್ಟಕ್ಕೆ ಹೋಗುವ ದಾರಿಯಲ್ಲಿ 365 ತಿರುವುಗಳಿವೆ ಅನ್ನುತ್ತಾರೆ. ನಾವು ಎಣಿಸಿಲ್ಲ. ಹಿಂದಿನ ಸೀಟಿನ ಮಕ್ಕಳು ವಾಂತಿ ಮಾಡಿಕೊಳ್ಳದೆ ಮೇಲೆ ಮುಟ್ಟಿದರೆ ಸಾಕಪ್ಪ ಅನ್ನುವ ಹೊತ್ತಿನಲ್ಲಿ ಎಣಿಸುವವರು ಯಾರು? ಕುದುರೆಗಾಡಿಗಳು ಭಾರ ಎಳೆದುಕೊಂಡು ಹತ್ತಬೇಕೆಂದು, ಏರು ಸೌಮ್ಯವಾಗಿರುವಂತೆ 1876ರಲ್ಲಿ ಕಡಿದ ರಸ್ತೆ ಅದು. ತುದಿಯಲ್ಲಿ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಲಿಕ್ ವೀಕ್ಷಣಾಲಯ. ಬೇಸಿಗೆ ಬಂತೆಂದರೆ ಟಿಕೆಟ್ ಹಿಡಿದು ಆ ಬೆಟ್ಟ ಹತ್ತುವುದು ಕೆಳಗಿನ ಸಿಲಿಕಾನ್ ಕಣಿವೆಯ ಎಷ್ಟೋ ಕನ್ನಡ ಮನೆಗಳಿಗೆ ರೂಢಿ. ಇಷ್ಟು ವರ್ಷ ಹತ್ತಿ ಇಳಿದದ್ದರಲ್ಲಿ ಕಂಡದ್ದೇನು, ಕಳೆದದ್ದೇನು ಎಂದು ಒಮ್ಮೆ ಲೆಕ್ಕ ಹಾಕಬೇಕೆನಿಸಿದೆ.

ದುಡ್ಡು ಕೊಟ್ಟ ಜೇಮ್ಸ್ ಲಿಕ್‌ಗೆ ಮೊದಲಿದ್ದದ್ದು ಸ್ಯಾನ್ ಫ್ರಾನ್ಸಿಸ್ಕೋದ ನಡುವೆ ಪಿರಮಿಡ್ ಕಟ್ಟಿಸುವ ಹುಚ್ಚು. ತಿಳಿದವರು ಬುದ್ಧಿ ಹೇಳಿ ಅದನ್ನು ದೂರದರ್ಶಕದ ಕಡೆ ತಿರುಗಿಸಿದರು. ಕೊನೆಗೆ ಆತನ ದೇಹವನ್ನು ಆ ದೂರದರ್ಶಕದ ಕಂಬದ ಕೆಳಗೇ ಹೂತರು. ಅಂತೂ ಗೋರಿಯ ಆಸೆಯೂ ತೀರಿತು. 1888ರಲ್ಲಿ ಕೆಲಸ ಶುರುಮಾಡಿದ ಆ 36 ಅಂಗುಲದ ಮಸೂರ ಆಗ ಜಗತ್ತಿನಲ್ಲೇ ದೊಡ್ಡದು. ಮೊದಲ ನಿರ್ದೇಶಕ ಎಡ್ವರ್ಡ್ ಹೋಲ್ಡನ್ ಶನಿವಾರದ ಸಂಜೆಗಳನ್ನು ಊರವರಿಗೆಂದು ತೆಗೆದಿಟ್ಟ. ಅದೇ ಬೆಟ್ಟದಲ್ಲಿ ಎಡ್ವರ್ಡ್ ಬರ್ನಾರ್ಡ್ ಎಂಬ ಬಡವರ ಮನೆಯ ಹುಡುಗ, ಹದ್ದಿನ ಕಣ್ಣಿನವನು, ದೊಡ್ಡ ದೂರದರ್ಶಕದಲ್ಲಿ ತನಗೂ ಒಂದು ರಾತ್ರಿ ಕೊಡಿ ಎಂದು ವರ್ಷಗಟ್ಟಲೆ ಗೋಗರೆಯುತ್ತಿದ್ದ. 1892ರಲ್ಲಿ ಅಂತೂ ಶುಕ್ರವಾರ ಸಿಕ್ಕಿತು. ಸೆಪ್ಟೆಂಬರ್ 9ರ ಶುಕ್ರವಾರ ಆತ ಗುರುವಿನ ಐದನೆಯ ಚಂದ್ರನನ್ನು ಹಿಡಿದ. ಗೆಲಿಲಿಯೋ 1610ರಲ್ಲಿ ನಾಲ್ಕನ್ನು ಕಂಡಮೇಲೆ ಅಲ್ಲಿಯವರೆಗೆ ಯಾರಿಗೂ ಇನ್ನೊಂದು ಸಿಕ್ಕಿರಲಿಲ್ಲ. ಬರ್ನಾರ್ಡ್‌ನಂಥವನು ಕಾಯಬೇಕಾದ ಕಡೆ ಸ್ಯಾನ್ ಹೋಸೆಯ ದಿನಸಿ ಅಂಗಡಿಯವನು ಕಾಯಬೇಕಿರಲಿಲ್ಲ! ನನ್ನ ಮಟ್ಟಿಗೆ ಆ ವೀಕ್ಷಣಾಲಯದ ದೊಡ್ಡಸ್ತಿಕೆ ಅಲ್ಲಿದೆ.

ಇನ್ನು ಕಂಡದ್ದರ ಲೆಕ್ಕ. 2017ರ ಬೇಸಿಗೆಯಲ್ಲಿ ಊರಿಂದ ಬಂದಿದ್ದ ಅಮ್ಮನನ್ನು ಕರೆದೊಯ್ದಿದ್ದೆ. ಗುಮ್ಮಟದೊಳಗೆ ಕೆಂಪು ದೀಪದ ಮಬ್ಬು, ಐವತ್ತೇಳು ಅಡಿಯ ಕೊಳವೆ, ಸದ್ದಿಲ್ಲದ ಸಾಲು. ಈಗ ತೋರಿಸುವುದು ಶನಿಗ್ರಹ ಎಂದಾಗ ಅಮ್ಮ ಸೆರಗು ಬಿಗಿಹಿಡಿದು ನಿಂತುಬಿಟ್ಟಳು. "ಶನಿವಾರದ ದಿನ ಶನಿ ಮುಖ ನೋಡೋದೇನೋ?" ಹಿಂದಿದ್ದವರು ಕಾಯುತ್ತಿದ್ದರು. ಕೈ ಹಿಡಿದು ಮೆಟ್ಟಿಲು ಹತ್ತಿಸಿದೆ. ಕನ್ನಡಕ ತೆಗೆದು ಕಣ್ಣಿಟ್ಟಳು. ಆ ವರ್ಷ ಉಂಗುರಗಳು ಪೂರ್ತಿ ಅಗಲಕ್ಕೆ ತೆರೆದಿದ್ದವು. ಬಹಳ ಹೊತ್ತು ತಲೆ ಎತ್ತಲಿಲ್ಲ. ಇಳಿದ ಮೇಲೆ ಹೇಳಿದ್ದು ಇಷ್ಟೇ: "ಇಷ್ಟು ಲಕ್ಷಣವಾಗಿದಾನಲ್ಲೋ. ಇವನಿಗೆ ಹೆದರ್ಕೊಂಡು ಇಷ್ಟು ದಿನ ಎಳ್ಳುಬತ್ತಿ ಹಚ್ಚಿದ್ನಾ?" ಊರಿಗೆ ಹೋದ ಮೇಲೂ ಹಚ್ಚುತ್ತಾಳೆ, ಅದು ಬೇರೆ ಮಾತು.

ಎಲ್ಲರಿಗೂ ಹಾಗಾಗುವುದಿಲ್ಲ. ಫೋನಿನಲ್ಲಿ ಬಣ್ಣಬಣ್ಣದ ನೀಹಾರಿಕೆ ನೋಡಿ ಬಂದವರಿಗೆ ಅಲ್ಲಿ ಸಿಗುವುದು ಬೂದುಬಣ್ಣದ ಒಂದು ಮಸುಕು. "ಇಷ್ಟೇನಾ?" ಎಂಬ ಪಿಸುಮಾತನ್ನು ಪ್ರತಿ ಸಲವೂ ಕೇಳಿದ್ದೇನೆ.

ಕಳೆದದ್ದರ ಲೆಕ್ಕ ಕಹಿ. 2013ರಲ್ಲಿ ವಿಶ್ವವಿದ್ಯಾಲಯ ಲಿಕ್‌ಗೆ ಕೊಡುವ ಹಣವನ್ನು ಕ್ರಮೇಣ ನಿಲ್ಲಿಸುವುದಾಗಿ ಹೇಳಿ, ಮರುವರ್ಷ ಮನಸ್ಸು ಬದಲಿಸಿತು. 2015ರಲ್ಲಿ ಗೂಗಲ್ 10 ಲಕ್ಷ ಡಾಲರ್ ಕೊಟ್ಟಿತು. 2020ರ ಆಗಸ್ಟಿನ ಕಾಡ್ಗಿಚ್ಚು ಬೆಟ್ಟದ ನೆತ್ತಿಗೇ ಬಂದು ಒಂದು ಮನೆಯನ್ನು ಸುಟ್ಟಿತು. ಗುಮ್ಮಟಗಳನ್ನು ಅಗ್ನಿಶಾಮಕದವರು ಉಳಿಸಿಕೊಂಡರು. ಹಣ, ಬೆಂಕಿ ಎರಡರಿಂದಲೂ ಪಾರಾದ ವೀಕ್ಷಣಾಲಯಕ್ಕೆ ಬೆಳಕಿನಿಂದ ಪಾರಾಗುವುದು ಕಷ್ಟವಾಗಿದೆ. ಒಂದು ಕಾಲಕ್ಕೆ ಸ್ಯಾನ್ ಹೋಸೆ ನಗರ ಬೀದಿಗೆಲ್ಲ ಹಳದಿ ಸೋಡಿಯಂ ದೀಪ ಹಾಕಿ ಬೆಟ್ಟದ ಮಾನ ಕಾಯ್ದಿತ್ತು. ಆ ದೀಪದ್ದು ಹೆಚ್ಚುಕಡಿಮೆ ಒಂದೇ ಬಣ್ಣ. ಅದನ್ನು ಸೋಸಿ ತೆಗೆದು ಉಳಿದ ಆಕಾಶ ನೋಡಬಹುದಿತ್ತು. ಆ ಉಪಕಾರಕ್ಕೆ ಒಂದು ಕ್ಷುದ್ರಗ್ರಹಕ್ಕೆ ಸ್ಯಾನ್ ಹೋಸೆ ಎಂದೇ ಹೆಸರಿಟ್ಟರು. ಈಗ ಬಂದಿರುವುದು ಬಿಳಿ ಎಲ್‌ಇಡಿ. ಅದರ ಬೆಳಕು ಎಲ್ಲ ಬಣ್ಣಕ್ಕೂ ಹರಡಿರುತ್ತದೆ, ಸೋಸುವುದೆಲ್ಲಿಂದ ಬಂತು? ಸಂಜೆ ಬೆಟ್ಟದ ಅಂಚಿನಲ್ಲಿ ನಿಂತರೆ ಕೆಳಗೆ ಕಣಿವೆಯೇ ಕೆಂಡದ ಹಾಸಿನಂತೆ ಕಾಣುತ್ತದೆ. ಜನ ಬೆನ್ನು ತಿರುಗಿಸಿ ಅದರೆದುರು ಸೆಲ್ಫಿ ತೆಗೆದುಕೊಳ್ಳುತ್ತಾರೆ. ನಮ್ಮ ಗ್ಯಾರೇಜಿನ ಮೇಲಿನ ಬಿಳಿ ದೀಪವೂ ಆ ಕೆಂಡದೊಳಗಿನದೇ. ಹೋದ ವರ್ಷ ಹಾಕಿಸಿದ್ದು ನಾನೇ.

ಊರಿನ ನಂಟೂ ಒಂದಿದೆ. 1898ರ ಜನವರಿಯ ಪೂರ್ಣ ಸೂರ್ಯಗ್ರಹಣಕ್ಕೆ ಲಿಕ್‌ನ ವಿಲಿಯಂ ಕ್ಯಾಂಪ್‌ಬೆಲ್ ತಂಡ ಕಟ್ಟಿಕೊಂಡು ಹೋದದ್ದು ಸೊಲ್ಲಾಪುರದ ಕಡೆಯ ಜೇವೂರಿಗೆ, ನಮ್ಮ ವಿಜಯಪುರದ ನೆರೆಗೆ. ಅವರು ಹಡಗು ಹತ್ತಿ ನಮ್ಮ ಆಕಾಶ ನೋಡಲು ಬಂದಿದ್ದರು. ನಾವು ವಿಮಾನ ಹತ್ತಿ ಬಂದು ಅವರ ಬೆಟ್ಟದಲ್ಲಿ ಸಾಲು ನಿಂತಿದ್ದೇವೆ.

2025ರಲ್ಲಿ ಶನಿಯ ಉಂಗುರಗಳು ನಮಗೆ ಅಂಚು ತಿರುಗಿಸಿದ್ದವು. ದೂರದರ್ಶಕದಲ್ಲಿ ಕಂಡದ್ದು ಗುಂಡಿಗೆ ಚುಚ್ಚಿದ ಸೂಜಿಯಂಥ ಒಂದು ಗೆರೆ. ರಾತ್ರಿ ಅಮ್ಮನಿಗೆ ಫೋನಿನಲ್ಲಿ ಹೇಳಿದೆ. "ಬಳೆ ಎಲ್ಲಿ ಹೋಯ್ತೋ?" ಎಂದಳು. 2032ಕ್ಕೆ ಮತ್ತೆ ಅಗಲವಾಗಿ ತೆರೆಯುತ್ತವೆ ಅಂದೆ. "ಹಂಗಾದ್ರೆ ವೀಸಾಕ್ಕೆ ಈಗಲೇ ಹಾಕು" ಎಂದಳು.