ಬಿಷಪ್ಪರ ಮುದ್ರೆ ಇದ್ದ ಮಾತ್ರಕ್ಕೆ
ಅಮೆರಿಕದಲ್ಲಿ ಮಕ್ಕಳನ್ನು ಶಾಲೆಗೆ ಕಳಿಸದೆ ಮನೆಯಲ್ಲೇ ಓದಿಸುವ ಕ್ಯಾಥೊಲಿಕ್ ತಂದೆತಾಯಿ ಹಲವರು ಪುಸ್ತಕ ಕೊಳ್ಳುವಾಗ ಮೊದಲು ಹುಡುಕುವುದು ಒಳಪುಟದ ‘ಇಂಪ್ರಿಮಾಟುರ್’ ಅನ್ನು. ಅಂದರೆ ಅಚ್ಚು ಹಾಕಲು ಬಿಷಪ್ಪರು ಕೊಟ್ಟ ಅಪ್ಪಣೆ. ಧರ್ಮಬೋಧೆಯ ಪುಸ್ತಕಕ್ಕೆ ಇದು ಸರಿಯೇ. 1885ರ ಬಾಲ್ಟಿಮೋರ್ ಕ್ಯಾಟೆಕಿಸಂ ಇಂದಿಗೂ ಎಷ್ಟೋ ಮನೆಗಳಲ್ಲಿ ನಡೆಯುತ್ತದೆ: ಪ್ರಶ್ನೆಗೊಂದು ಚುಟುಕು ಉತ್ತರ, ನಮ್ಮ ಮಗ್ಗಿಯ ಹಾಗೆ ಬಾಯಿಪಾಠಕ್ಕೆ ಸಲೀಸು. ತೊಡಕಿರುವುದು ಚರಿತ್ರೆಯಲ್ಲಿ. ಆ ಮುದ್ರೆ ಹೇಳುವುದು ಪುಸ್ತಕದಲ್ಲಿ ವಿಶ್ವಾಸಕ್ಕೂ ನೀತಿಗೂ ವಿರುದ್ಧವಾದದ್ದು ಇಲ್ಲವೆಂದಷ್ಟೇ. ಇಸವಿ, ಯುದ್ಧ, ರಾಜರ ಲೆಕ್ಕಕ್ಕೆ ಅದು ಜಾಮೀನಲ್ಲ. ಹಳೆಯ ಪಠ್ಯಗಳ ಮರುಮುದ್ರಣಗಳಲ್ಲಿ ಭಾಷೆ ಚೆಂದ, ಸಂತರ ಕಥೆಗಳಂತೂ ಇನ್ನೂ ಚೆಂದ. ಆದರೆ ಯೆಹೂದ್ಯರ ಬಗ್ಗೆ ಚರ್ಚೇ 1965ರಲ್ಲಿ ‘ನೋಸ್ತ್ರಾ ಎತಾತೆ’ ಘೋಷಣೆಯ ಮೂಲಕ ಹೇಳಿದ್ದು, ಗೆಲಿಲಿಯೋನ ವಿಷಯದಲ್ಲಿ ತಪ್ಪಾಗಿತ್ತೆಂದು ಪೋಪ್ ಎರಡನೇ ಜಾನ್ ಪಾಲ್ 1992ರಲ್ಲಿ ಒಪ್ಪಿಕೊಂಡದ್ದು ಅವುಗಳಲ್ಲಿ ಎಲ್ಲಿಂದ ಬರಬೇಕು? ನಾನಾದರೆ ಕೊಳ್ಳುವ ಮುಂಚೆ ಎರಡೇ ಅಧ್ಯಾಯ ಓದುತ್ತೇನೆ, ಕ್ರುಸೇಡುಗಳೆಂಬ ಧರ್ಮಯುದ್ಧಗಳದು ಮತ್ತು ಚರ್ಚಿನ ಧರ್ಮವಿಚಾರಣೆಯಾದ ಇನ್‌ಕ್ವಿಸಿಷನ್ನಿನದು. (ಎರಡನೆಯದು 1560ರಲ್ಲಿ ಗೋವೆಗೂ ಬಂದಿತ್ತು, ಮಂಗಳೂರು ಕಡೆಯವರಿಗೆ ಅದು ದೂರದ ಊರಿನ ಸುದ್ದಿಯಲ್ಲ.) ಎರಡು ಕಡೆಯೂ ಬರೀ ಜಯಭೇರಿಯೇ ಕೇಳಿದರೆ ಪುಸ್ತಕ ಕಪಾಟಿಗೆ ವಾಪಸ್.