ಗೆದ್ದವರಷ್ಟೇ ಕಾಣುವ ಜಾತ್ರೆ

ಡಿಗ್ರಿ ಓದುವಾಗ ಎರಡು ವರ್ಷ ಸಂಜೆ ಹೊತ್ತು ಚಿಕ್ಕೋಡಿಯ ಮೊಬೈಲ್ ಅಂಗಡಿಯೊಂದರಲ್ಲಿ ಕೆಲಸ ಮಾಡಿದ್ದೆ. ರಿಚಾರ್ಜ್, ಚಾರ್ಜರ್ ಜೊತೆ ಅಲ್ಲಿ ಇನ್ನೊಂದು ಸರಕೂ ಚೆನ್ನಾಗಿ ಓಡುತ್ತಿತ್ತು. ಅದು ಗೇಮ್‌ಗೆ ಹಾಕುವ ರಿಡೀಮ್ ಕೋಡ್. ಶಾಲೆ ಬಿಟ್ಟ ಹುಡುಗರು ನೂರರ ನೋಟು ಮಡಚಿ ಹಿಡಿದು ಬರುತ್ತಿದ್ದರು. ‘ಅಣ್ಣಾ, ಲಗೂನ ಒಂದ ಕೋಡ್ ಕೊಡ್ರಿ. ಇವತ್ತ ರಾತ್ರಿ ಇವೆಂಟ್ ಮುಗೀತೈತಿ’ ಎನ್ನುತ್ತಿದ್ದರು. ಮುಗಿದುಹೋಗುತ್ತಿದ್ದದ್ದು ಬಂದೂಕಿಗೆ ಹಚ್ಚುವ ಹೊಸ ಬಣ್ಣ, ಇಲ್ಲವೇ ಆಟದ ಬೊಂಬೆಗೆ ತೊಡಿಸುವ ಹೊಸ ಅಂಗಿ.

ಚಿಕ್ಕೋಡಿಯ ಹೈಸ್ಕೂಲಿಗೆ ಬರುತ್ತಿದ್ದ ನಮ್ಮ ಕಾಕಾನ ಮಗನೂ ಆ ಹುಡುಗರಲ್ಲಿದ್ದ. ಕಬ್ಬಿನ ಬಿಲ್ ಬಂದಾಗ ಕಾಕಾ ಟ್ರಂಕಿನಲ್ಲಿಟ್ಟ ಹಣದಲ್ಲಿ 6,200 ರೂಪಾಯಿ ಕಡಿಮೆ ಬಿತ್ತು. ವಿಚಾರಿಸಿದರೆ ಎಲ್ಲವೂ ಗೇಮ್‌ಗೆ ಹೋಗಿತ್ತು. ಕೋಡ್‌ಗಳನ್ನು ಕೊಟ್ಟವನು ನಾನೇ. ಮನೆಯಲ್ಲಿ ಎಲ್ಲರೂ ಹುಡುಗನನ್ನು ಬೈದರು. ನನ್ನನ್ನು ಯಾರೂ ಬೈಯಲಿಲ್ಲ. ಆ ಆಟವನ್ನು ಅವನಿಗೆ ಹೇಗೆ ಮಾರಿದರು ಎಂದು ಯಾರೂ ಕೇಳಲೂ ಇಲ್ಲ.

ಮಾರುವ ಬಗೆಯನ್ನು ಸ್ವಲ್ಪ ನೋಡೋಣ. ಆಟ ಉಚಿತ, ಹಾಗಾಗಿ ಮನೆಯಲ್ಲಿ ಯಾರ ಅಪ್ಪಣೆಯೂ ಬೇಕಿಲ್ಲ. ಅದನ್ನು ಫೋನಿಗೆ ತರುವವನು ಗೆಳೆಯ. ನಾಲ್ವರ ತಂಡ ಕಟ್ಟಬೇಕೆಂದರೆ ಒಬ್ಬ ಮೂವರನ್ನು ಕರೆಯಲೇಬೇಕು. ನಂತರ ಸಿನಿಮಾ ಬರುತ್ತದೆ: 2020ರಲ್ಲಿ ಫ್ರೀ ಫೈರ್‌ನಲ್ಲಿ ಹೃತಿಕ್ ರೋಷನ್ ಒಂದು ಪಾತ್ರವೇ ಆಗಿ ಬಂದರು. ಆಮೇಲೆ ರೂಪಾಯಿ ಮಾಯವಾಗುತ್ತದೆ. ಹಣ ಕೊಟ್ಟು ಡೈಮಂಡ್ ಅಥವಾ ಯುಸಿ ಕೊಳ್ಳಬೇಕು, ಅದರಿಂದ ಪೆಟ್ಟಿಗೆ ತೆರೆಯಬೇಕು. ಒಂದು ಪೆಟ್ಟಿಗೆಗೆ ಎಷ್ಟು ರೂಪಾಯಿ ಹೋಯಿತೆಂದು ಲೆಕ್ಕ ಹಾಕುವ ಹೊತ್ತಿಗೆ ಅದು ತೆರೆದಾಗಿರುತ್ತದೆ. ಒಳಗೆ ಏನಿದೆ ಎಂಬುದು ಅದೃಷ್ಟ.

ರಾಯಬಾಗ ತಾಲ್ಲೂಕಿನ ಚಿಂಚಲಿ ಮಾಯಕ್ಕನ ಜಾತ್ರೆಯಲ್ಲಿ ರಿಂಗ್ ಎಸೆಯುವ ಆಟ ನೋಡುತ್ತ ಬೆಳೆದವನು ನಾನು. ಅದೂ ಅದೃಷ್ಟದ ಆಟವೇ. ಆದರೆ ಅಲ್ಲಿ ಸುತ್ತ ಜನ ನಿಂತಿರುತ್ತಾರೆ. ಹತ್ತು ರಿಂಗ್ ಎಸೆದು ಬರಿಗೈಯಲ್ಲಿ ಹೋದವರು ಎಷ್ಟು, ಸಾಬೂನು ಗೆದ್ದವರು ಎಷ್ಟು ಎಂದು ಐದು ನಿಮಿಷ ನಿಂತರೆ ತಿಳಿಯುತ್ತದೆ. ಫೋನಿನ ಜಾತ್ರೆಯಲ್ಲಿ ಸೋತವರು ಕಾಣುವುದೇ ಇಲ್ಲ. ಯಾರಿಗೆ ಏನು ಸಿಕ್ಕಿತೆಂಬ ಸಾಲು ಪರದೆಯ ಮೇಲೆ ಓಡುತ್ತಿರುತ್ತದೆ. ಯೂಟ್ಯೂಬ್‌ನಲ್ಲಿ ಪೆಟ್ಟಿಗೆ ತೆರೆದು ಕುಣಿಯುವವನ ವಿಡಿಯೊ ಬರುತ್ತದೆ. ಸೋತವನು ಹೊದಿಕೆಯೊಳಗೆ ಒಬ್ಬನೇ ಸೋತಿರುತ್ತಾನೆ.

ಸರ್ಕಾರ ಸುಮ್ಮನಿರಲಿಲ್ಲ ನಿಜ. 2020ರ ಸೆಪ್ಟೆಂಬರ್ 2ರಂದು ಪಬ್‌ಜಿ ನಿಷೇಧವಾಯಿತು, 2022ರ ಫೆಬ್ರುವರಿಯಲ್ಲಿ ಫ್ರೀ ಫೈರ್. ಕಾರಣ ದೇಶದ ಭದ್ರತೆ ಮತ್ತು ನಮ್ಮ ಮಾಹಿತಿಯ ರಕ್ಷಣೆ. ಮಾರುವ ರೀತಿಯನ್ನು ಯಾರೂ ಪ್ರಶ್ನಿಸಲಿಲ್ಲ. ಹಾಗಾಗಿ ನಿಷೇಧವೇ ಪ್ರಚಾರವಾಯಿತು. ಪಬ್‌ಜಿಯ ಬದಲಿಗೆ ಕೊರಿಯಾದ ಕ್ರಾಫ್ಟನ್ ಕಂಪನಿ 2021ರಲ್ಲಿ ಬಿಜಿಎಂಐ ತಂದಾಗ ಎರಡೇ ವಾರದಲ್ಲಿ ಎರಡು ಕೋಟಿ ಜನ ಮುಂಚಿತವಾಗಿ ಹೆಸರು ನೋಂದಾಯಿಸಿದ್ದಾರೆಂದು ಕಂಪನಿಯೇ ಹೇಳಿಕೊಂಡಿತು. ಅದರಲ್ಲಿ ನಾನೂ ಒಬ್ಬ. 2022ರ ಜುಲೈನಲ್ಲಿ ಅದೂ ಪ್ಲೇ ಸ್ಟೋರ್‌ನಿಂದ ಹೋಗಿ 2023ರ ಮೇನಲ್ಲಿ ಮರಳಿದಾಗ, ಊರಿಗೆ ಗೆಳೆಯ ಬಂದಂತೆ ಸ್ಟೇಟಸ್ ಹಾಕಿದೆವು. 18 ವರ್ಷದೊಳಗಿನವರಿಗೆ ದಿನಕ್ಕೆ ಮೂರು ಗಂಟೆ ಎಂಬ ಮಿತಿಯೂ ಬಂತು. ಪೆಟ್ಟಿಗೆಗಳು ಮಾತ್ರ ಇದ್ದಲ್ಲೇ ಇದ್ದವು.

ಹಣ ಕಟ್ಟಿ ಹಣ ಗೆಲ್ಲುವ ಆಟಗಳ ಕಥೆ ಬೇರೆ. 2021ರ ಅಕ್ಟೋಬರ್‌ನಲ್ಲಿ ರಾಜ್ಯ ಸರ್ಕಾರ ಅವನ್ನು ನಿಷೇಧಿಸಿದಾಗ ಕಾಗವಾಡದ ನಮ್ಮ ಗೆಳೆಯರಿಗೆ ತೊಂದರೆಯೇ ಆಗಲಿಲ್ಲ. ಬೈಕ್ ಹತ್ತಿ ಗಡಿ ದಾಟಿ ಮ್ಹೈಸಾಳದ ಕಡೆ ನಿಂತರೆ ಫೋನ್ ಮಹಾರಾಷ್ಟ್ರ ಎನ್ನುತ್ತಿತ್ತು! 2022ರ ಫೆಬ್ರುವರಿ 14ರಂದು ಹೈಕೋರ್ಟ್ ಆ ತಿದ್ದುಪಡಿಯ ಮುಖ್ಯ ಅಂಶಗಳನ್ನು ರದ್ದುಪಡಿಸಿತು. ಕೊನೆಗೆ 2025ರ ಆಗಸ್ಟ್‌ನಲ್ಲಿ ಸಂಸತ್ತು ಇಡೀ ದೇಶಕ್ಕೆ ಕಾನೂನು ಮಾಡಿ, ಅಂಥ ಆಟಗಳ ಜೊತೆಗೆ ಅವುಗಳ ಜಾಹೀರಾತನ್ನೂ ನಿಷೇಧಿಸಿತು. ಒಳ್ಳೆಯದೇ. ಆದರೆ ಆ ಕಾನೂನಿನ ಗುರಿ ಹಣ ಗೆಲ್ಲುವ ಆಸೆ ತೋರಿಸುವ ಆಟಗಳು. ನಮ್ಮ ತಮ್ಮನಿಗೆ ಹಣ ಗೆಲ್ಲುವ ಆಸೆ ಇರಲೇ ಇಲ್ಲ. ಅವನಿಗೆ ಬೇಕಾಗಿದ್ದದ್ದು ಒಂದು ಅಂಗಿ.

ಚಟವನ್ನು ಹೇಗೆ ಮಾರುತ್ತಾರೆಂದು ನಮ್ಮ ಭಾಗಕ್ಕೆ ಹೊಸದಾಗಿ ಹೇಳಬೇಕಿಲ್ಲ. ನಿಪ್ಪಾಣಿ ತಂಬಾಕು, ಬೀಡಿಗೆ ಹೆಸರಾದ ಊರು. ಎಷ್ಟೋ ಮನೆಗಳ ಒಲೆ ಅದರಿಂದಲೇ ಉರಿದಿದೆ. ಆದರೂ ಬೀಡಿ ಕಟ್ಟಿನ ಶೇ 85ರಷ್ಟು ಜಾಗದಲ್ಲಿ ಎಚ್ಚರಿಕೆ ಮತ್ತು ಚಿತ್ರ ಇರಬೇಕೆಂಬ ನಿಯಮ 2016ರಿಂದ ಇದೆ. ಅಕ್ಷರ ಬಾರದ ಅಜ್ಜನಿಗೂ ಆ ಚಿತ್ರ ತಿಳಿಯುತ್ತದೆ. ಆಟದ ಪೆಟ್ಟಿಗೆಯ ಮೇಲೆ ಏನಿದೆ? ಯಾವ ವಸ್ತು ಸಿಗುವ ಸಾಧ್ಯತೆ ಎಷ್ಟು ಎಂದು ಕೆಲವು ಆಟಗಳು ತಿಳಿಸುತ್ತವೆ. ಆದರೆ ಮೂಲೆಯ ಸಣ್ಣ ಗುರುತು ಒತ್ತಿ, ಇಂಗ್ಲಿಷ್‌ನಲ್ಲಿ ಓದಿ, ದಶಮಾಂಶ ಅರ್ಥ ಮಾಡಿಕೊಳ್ಳಬೇಕು. ಬೆಲ್ಜಿಯಂ 2018ರಲ್ಲೇ ಹಣ ಕೊಟ್ಟು ತೆರೆಯುವ ಇಂಥ ಪೆಟ್ಟಿಗೆಗಳನ್ನು ಜೂಜು ಎಂದಿತು. ಕ್ರಾಫ್ಟನ್‌ನ ತವರು ದಕ್ಷಿಣ ಕೊರಿಯಾದಲ್ಲಿ 2024ರ ಮಾರ್ಚ್‌ನಿಂದ ಈ ಸಾಧ್ಯತೆಯ ಲೆಕ್ಕವನ್ನು ಆಟದಲ್ಲೂ ಜಾಹೀರಾತಿನಲ್ಲೂ ತೋರಿಸುವುದು ಕಡ್ಡಾಯ. ಅಲ್ಲಿನ ಮಕ್ಕಳಿಗೆ ಸಲ್ಲುವ ರಕ್ಷಣೆ ಅಥಣಿಯ ಮಕ್ಕಳಿಗೆ ಕನ್ನಡದಲ್ಲಿ, ದೊಡ್ಡ ಅಕ್ಷರದಲ್ಲಿ ಏಕೆ ಸಲ್ಲಬಾರದು?

ಆಟವೇ ಕೆಟ್ಟದ್ದು ಎಂದು ನಾನು ಹೇಳುತ್ತಿಲ್ಲ. ಈಗಲೂ ಆಡುತ್ತೇನೆ. ಹಳ್ಳಿ ಬಿಟ್ಟು ಪುಣೆ, ಬೆಂಗಳೂರಿಗೆ ಕೆಲಸಕ್ಕೆ ಹೋದ ಗೆಳೆಯರ ದನಿ ರಾತ್ರಿ ಒಂದು ತಾಸು ಕೇಳುವುದು ಆ ಆಟದಲ್ಲೇ. ಆ ಸ್ನೇಹಕ್ಕೆ ನಾವು ರೂಪಾಯಿ ಕೊಡುತ್ತಿಲ್ಲ. ಕೊಡುತ್ತಿರುವುದು ‘ಇವತ್ತೇ ಕೊನೆ’ ಎಂಬ ಗಾಬರಿಗೆ.

ಗಲಾಟೆ ತಣ್ಣಗಾದ ಮೇಲೆ ತಮ್ಮನ ಜೊತೆ ಕೂತು, ಅವನ ಆಟದಲ್ಲಿ ಉಳಿದಿದ್ದ ದಾಖಲೆ ತೆಗೆದು ಒಂದು ನೋಟ್‌ಬುಕ್ಕಿನಲ್ಲಿ ಬರೆಸಿದೆ. ತೆರೆದ ಪೆಟ್ಟಿಗೆ 83. ಬೇಕಿದ್ದ ಅಂಗಿ ಸಿಕ್ಕಿದ್ದು ಸೊನ್ನೆ ಸಲ. ಅವನು ಆ ಪುಟವನ್ನು ಬಹಳ ಹೊತ್ತು ನೋಡಿ, ‘ಅಣ್ಣಾ, ಇಷ್ಟ ತಗದೀನಂತ ನನಗ ಗೊತ್ತs ಇರಲಿಲ್ಲ’ ಎಂದ. ಮರುದಿನ ಅದನ್ನು ತರಗತಿಗೆ ಒಯ್ದು ಗೆಳೆಯರಿಗೆ ತೋರಿಸಿದನಂತೆ. ಅವರಲ್ಲಿ ಮೂವರು ತಮ್ಮ ಲೆಕ್ಕವನ್ನೂ ಅದರ ಕೆಳಗೆ ಬರೆದರಂತೆ.